ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ದೃಷ್ಟಿಯ ನಿಗಾ

ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯ ದೃಷ್ಟಿಮಾರ್ಗ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತ ಹೋಗುವ ವಿಧಾನಗಳಿಗೆ ಒಟ್ಟಾಗಿ ದೃಷ್ಟಿಯ ನಿಗಾ ಎನ್ನಬಹುದು. ಇದರಲ್ಲಿ ಮುಖ್ಯವಾದದ್ದು ವಿಇಪಿ. ಮುಚ್ಚಿದ ರೆಪ್ಪೆಯ ಮೇಲೆ ಬೆಳಕು ಮಿಂಚಿಸಿ, ಅದಕ್ಕೆ ಹಿಂತಲೆಯ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯನ್ನು ದಾಖಲಿಸುವುದು ಇದರ ಕ್ರಮ. ಇನ್ನೊಂದು ವಿಧಾನದಲ್ಲಿ ರೋಗಿಯನ್ನು ಎಚ್ಚರವಾಗಿಯೇ ಇಟ್ಟುಕೊಂಡು, ಏನು ಕಾಣುತ್ತಿದೆ ಎಂದು ಅವರಿಂದಲೇ ಕೇಳಿ ತಿಳಿಯುತ್ತಾರೆ. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಅವರ ಊರುಗಳಿಂದ ಕೃಷ್ಣಗಿರಿ, ಹೊಸೂರು ದಾಟಿ ಬರುವ ಹೆದ್ದಾರಿ ಬೆಂಗಳೂರಿನೊಳಗೆ ಹೊಸೂರು ರಸ್ತೆಯಾಗುತ್ತದೆ. ಮಿದುಳು ಮತ್ತು ನರರೋಗ ಚಿಕಿತ್ಸೆಗೆ ದೇಶದಲ್ಲೇ ಹೆಸರಾದ ನಿಮ್ಹಾನ್ಸ್ ಇರುವುದು ಆ ರಸ್ತೆಯಲ್ಲೇ.

ದೃಷ್ಟಿಯ ದಾರಿ

ನೋಟಕ್ಕೆ ಕಣ್ಣೊಂದೇ ಸಾಲದು. ಅಕ್ಷಿಪಟದಲ್ಲಿ ಹುಟ್ಟಿದ ಸಂಕೇತ ದೃಷ್ಟಿನರದ ಮೂಲಕ ತಲೆಬುರುಡೆಯೊಳಗೆ ಬರುತ್ತದೆ. ಒಂದೊಂದು ದೃಷ್ಟಿನರದಲ್ಲಿ ಸುಮಾರು 12 ಲಕ್ಷ ನರತಂತುಗಳಿವೆ. ನರದ ಉದ್ದ ಸುಮಾರು 5 ಸೆಂಟಿಮೀಟರ್. ಅದರಲ್ಲಿ ಒಂದು ಸೆಂಟಿಮೀಟರಿನಷ್ಟು ಭಾಗ ಮೂಳೆಯ ಕಿರಿದಾದ ಕಾಲುವೆಯಲ್ಲಿ ಹಾದುಹೋಗುತ್ತದೆ. ಎರಡೂ ಕಣ್ಣಿನ ನರಗಳು ಪಿಟ್ಯುಟರಿ ಗ್ರಂಥಿಯ ತುಸು ಮೇಲೆ ಸೇರುತ್ತವೆ. ಕಯಾಸ್ಮ ಎಂಬ ಈ ಸಂಧಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಹೀಗೆ ದಾಟುವುದು ಮೂಗಿನ ಕಡೆಯ ಅಕ್ಷಿಪಟದಿಂದ ಬಂದ ತಂತುಗಳು, ಅಂದರೆ ಹೊರಬದಿಯ ನೋಟವನ್ನು ಹೊತ್ತವು. ಅಲ್ಲಿಂದ ಮುಂದೆ ಥಾಲಮಸ್‌ನಲ್ಲಿರುವ ಒಂದು ನರಕೇಂದ್ರವನ್ನು ಮುಟ್ಟಿ, ಬೀಸಣಿಗೆಯಾಕಾರದಲ್ಲಿ ಹರಡಿ, ಹಿಂತಲೆಯ ಆಕ್ಸಿಪಿಟಲ್ ಹಾಲೆಯನ್ನು ತಲುಪುತ್ತವೆ. ಹರಡುವಾಗ ಒಂದು ಕವಲು ಕಿವಿಯ ಬದಿಯ ಟೆಂಪೊರಲ್ ಹಾಲೆಯೊಳಗೆ ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ತಿರುಗುತ್ತದೆ. ಮೇಲ್ಭಾಗದ ನೋಟವನ್ನು ಒಯ್ಯುವುದು ಈ ಕವಲೇ.

ಹಿಂತಲೆಯ ಯಾವ ಜಾಗಕ್ಕೆ ನೋಟದ ಯಾವ ಭಾಗ ಸೇರಿದ್ದು ಎಂಬ ತಿಳಿವಳಿಕೆ ಬಹುಮಟ್ಟಿಗೆ ಯುದ್ಧದ ಗಾಯಗಳಿಂದ ಬಂದದ್ದು. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿಯೂ ಬದುಕುಳಿದ ಸೈನಿಕರನ್ನು ಜಪಾನಿನ ಕಣ್ಣಿನ ವೈದ್ಯ ತಾತ್ಸುಜಿ ಇನೊವ್ಯೆ ಪರೀಕ್ಷಿಸಿದರು. ಗುಂಡು ಹೊಕ್ಕು ಹೊರಬಿದ್ದ ದಾರಿಯನ್ನೂ ಸೈನಿಕರಿಗೆ ಕಾಣದಾದ ಭಾಗವನ್ನೂ ತಾಳೆ ನೋಡಿ 1909ರಲ್ಲಿ ನಕ್ಷೆಯೊಂದನ್ನು ಪ್ರಕಟಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಅದನ್ನು ವಿಸ್ತರಿಸಿದರು. ಇಂದು ಶಸ್ತ್ರಚಿಕಿತ್ಸಕರು ಎಲ್ಲಿ ಕೈಯಿಟ್ಟರೆ ಏನು ಹೋದೀತು ಎಂದು ಮುಂಚಿತವಾಗಿ ಹೇಳಬಲ್ಲರೆಂದರೆ, ಅದರ ಹಿಂದೆ ಆ ಹೆಸರಿಲ್ಲದ ಸೈನಿಕರ ನಷ್ಟವಿದೆ.

ಎಲ್ಲಿ ಅಪಾಯ

ನಿಗಾ ಹೆಚ್ಚಾಗಿ ಬೇಕಾಗುವುದು ಕಯಾಸ್ಮದ ಸುತ್ತಲಿನ ಶಸ್ತ್ರಚಿಕಿತ್ಸೆಗಳಲ್ಲಿ. ಪಿಟ್ಯುಟರಿ ಗಡ್ಡೆ ಮೇಲಕ್ಕೆ ಬೆಳೆದರೆ ಕಯಾಸ್ಮವನ್ನು ಕೆಳಗಿನಿಂದ ಒತ್ತುತ್ತದೆ. ಎರಡೂ ಕಣ್ಣುಗಳ ಹೊರಬದಿಯ ನೋಟ ನಿಧಾನವಾಗಿ ಹೋಗುತ್ತದೆ. ಎದುರಿಗಿರುವುದು ಸ್ಪಷ್ಟವಾಗಿಯೇ ಕಾಣುವುದರಿಂದ ರೋಗಿಗೆ ಬಹುಕಾಲ ಇದು ಗೊತ್ತಾಗುವುದೇ ಇಲ್ಲ. ಸೇಲಂನ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರು ಅನೇಕರಿದ್ದಾರೆ. ಮಗ್ಗದಲ್ಲಿ ಕೂತವರಿಗೆ ಲಾಳಿ ಎರಡು ಅಂಚಿಗೂ ಓಡುವುದು ಬದಿಗಣ್ಣಿನಲ್ಲೇ ಕಾಣಬೇಕು. ಅಂಥವರಿಗೆ ಈ ನಷ್ಟ ಕೆಲಸದಲ್ಲಿ ಮೊದಲು ತಿಳಿಯುವುದುಂಟು. ಆದರೂ ವಯಸ್ಸಾಯಿತು, ಕನ್ನಡಕ ಬದಲಿಸಬೇಕು ಎಂದುಕೊಂಡು ಸುಮ್ಮನಾಗುವುದೇ ಹೆಚ್ಚು.

ಕಯಾಸ್ಮದ ನೆರೆಯಲ್ಲಿ ಬೆಳೆಯುವ ಮೆನಿಂಜಿಯೋಮ ಗಡ್ಡೆ, ಮಕ್ಕಳಲ್ಲೂ ಕಾಣುವ ಕ್ರೇನಿಯೊಫೆರಿಂಜಿಯೋಮ ಗಡ್ಡೆ, ಕಣ್ಣಿಗೆ ರಕ್ತ ಒಯ್ಯುವ ನಾಳದ ಬುಡದಲ್ಲಿ ಉಬ್ಬುವ ಅನ್ಯೂರಿಸಂ, ಕಣ್ಣಿನ ಗೂಡಿನೊಳಗಿನ ಗಡ್ಡೆ, ಇವೂ ಇದೇ ಪಟ್ಟಿಗೆ ಸೇರುತ್ತವೆ. ಅಪಸ್ಮಾರಕ್ಕಾಗಿ ಟೆಂಪೊರಲ್ ಹಾಲೆಯ ಮುಂಭಾಗವನ್ನು ತೆಗೆಯುವಾಗ ಬಾಗಿದ ಕವಲಿಗೆ ಪೆಟ್ಟಾದರೆ, ಎದುರು ಬದಿಯ ಮೇಲಿನ ಕಾಲುಭಾಗದ ನೋಟ ಹೋಗುತ್ತದೆ. ಆಕ್ಸಿಪಿಟಲ್ ಹಾಲೆಯ ಗಡ್ಡೆ ಮತ್ತು ರಕ್ತನಾಳದ ಗಂಟುಗಳಲ್ಲಿ ಇಡೀ ಅರ್ಧ ನೋಟಕ್ಕೇ ಅಪಾಯವಿರುತ್ತದೆ.

ಹಾನಿ ಚಾಕು ತಗುಲಿಯೇ ಆಗಬೇಕೆಂದಿಲ್ಲ. ಕಯಾಸ್ಮದ ಅಡಿಭಾಗಕ್ಕೆ ರಕ್ತ ಕೊಡುವ ನಾಳಗಳು ಕೂದಲೆಳೆಯಷ್ಟು ಸಣ್ಣವು. ಗಡ್ಡೆಯನ್ನು ಬಿಡಿಸುವಾಗ ಅವು ಹರಿದರೆ ನರ ನೋಡಲು ಸರಿಯಾಗಿಯೇ ಇದ್ದೂ ಕುರುಡಾಗಬಹುದು. ದೃಷ್ಟಿನರದ ಕಾಲುವೆಯ ಮೂಳೆಯನ್ನು ಡ್ರಿಲ್ಲಿನಿಂದ ಸವೆಸುವಾಗ ಹುಟ್ಟುವ ಶಾಖವೂ ನರವನ್ನು ಸುಡಬಲ್ಲದು. ಅದಕ್ಕಾಗಿಯೇ ಡ್ರಿಲ್ ಮಾಡುವಷ್ಟು ಹೊತ್ತೂ ಸಲೈನ್ ಹರಿಸುತ್ತಿರುತ್ತಾರೆ. ಬಹಳ ದಿನ ಒತ್ತಡಕ್ಕೆ ಸಿಕ್ಕಿ ತೆಳುವಾದ ನರವನ್ನು ಸ್ವಲ್ಪ ಎಳೆದರೂ ಕಷ್ಟ. ಶಸ್ತ್ರಚಿಕಿತ್ಸಕರ ಕಣ್ಣಿಗೆ ಕಾಣದ ಇಂಥ ಹಾನಿಯ ಸುಳಿವು ಹಿಡಿಯುವುದೇ ನಿಗಾದ ಕೆಲಸ.

ಅಲೆಯನ್ನು ಹಿಡಿಯುವ ಬಗೆ

ಹೊರರೋಗಿ ವಿಭಾಗದಲ್ಲಿ ವಿಇಪಿ ಮಾಡುವಾಗ ರೋಗಿ ಕುರ್ಚಿಯಲ್ಲಿ ಕೂತು, ಪರದೆಯ ಮೇಲೆ ಕಪ್ಪುಬಿಳುಪು ಚೌಕಗಳು ಅದಲುಬದಲಾಗುವುದನ್ನು ದಿಟ್ಟಿಸುತ್ತಾರೆ. ಆರೋಗ್ಯವಂತರಲ್ಲಿ ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ ಹಿಂತಲೆಯಲ್ಲಿ ಸ್ಪಷ್ಟವಾದ ಅಲೆಯೊಂದು ಬರುತ್ತದೆ. ಅದಕ್ಕೆ ಪಿ100 ಎಂದು ಹೆಸರು. ಅರಿವಳಿಕೆಯಲ್ಲಿರುವ ರೋಗಿ ದಿಟ್ಟಿಸಲಾರರು. ಆದ್ದರಿಂದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಲ್‌ಇಡಿ ಬೆಳಕನ್ನು ರೆಪ್ಪೆಯ ಮೇಲಿನಿಂದಲೇ ಮಿಂಚಿಸಬೇಕು. ದೀಪಗಳನ್ನು ಕನ್ನಡಕದಲ್ಲಿ ಜೋಡಿಸಿರುವುದುಂಟು. ಆದರೆ ಹಣೆಯ ಚರ್ಮವನ್ನು ಕೆಳಕ್ಕೆ ಮಡಚಿದಾಗ ಕನ್ನಡಕ ಜರುಗುತ್ತದೆ, ಕಣ್ಣುಗುಡ್ಡೆಯ ಮೇಲೆ ಒತ್ತಡವೂ ಬೀಳುತ್ತದೆ. ಅದಕ್ಕಿಂತ ತೆಳುವಾದ ಸಿಲಿಕೋನ್ ಬಿಲ್ಲೆಯಲ್ಲಿ ದೀಪಗಳನ್ನು ಕೂರಿಸಿ, ನೀರು ಹೋಗದಂತೆ ಪಾರದರ್ಶಕ ಪದರ ಅಂಟಿಸುವುದು ಒಳ್ಳೆಯದು. ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ.

ಹಿಂತಲೆಯಲ್ಲಿ ನಡುವೆ ಒಂದು, ಎಡಬಲಕ್ಕೆ ಒಂದೊಂದು ಎಲೆಕ್ಟ್ರೋಡ್ ಇಡುತ್ತಾರೆ. ದೃಷ್ಟಿಯ ಅಲೆ ಕೆಲವೇ ಮೈಕ್ರೊವೋಲ್ಟಿನಷ್ಟು ಪುಟ್ಟದು. ಮಿದುಳಿನ ಸಹಜ ವಿದ್ಯುತ್ ಚಟುವಟಿಕೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಳ್ಳಬೇಕಾದ ಪರಿಸ್ಥಿತಿ ಇದು. ಇದಕ್ಕೆ ಕಂಡುಕೊಂಡ ಉಪಾಯ ಸರಾಸರಿ. ಅನೇಕ ಬಾರಿ ಮಿಂಚಿಸಿ ಬಂದ ಉತ್ತರಗಳನ್ನು ಒಂದರ ಮೇಲೊಂದು ಕೂಡಿದಾಗ ಗೊತ್ತುಗುರಿಯಿಲ್ಲದ ಸದ್ದು ಪರಸ್ಪರ ಅಳಿಸಿಹೋಗಿ, ಬೆಳಕಿಗೆ ಕಟ್ಟುಬಿದ್ದ ಅಲೆ ಮಾತ್ರ ಉಳಿಯುತ್ತದೆ. ಸೆಕೆಂಡಿಗೆ ಒಮ್ಮೆಯಂತೆ ನೂರು ಸಲ ಮಿಂಚಿಸಿದರೆ ಒಂದು ಕಣ್ಣಿನ ಫಲಿತಾಂಶಕ್ಕೆ ಒಂದೂವರೆ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಹೀಗಾಗಿ ಎಚ್ಚರಿಕೆ ಬರುವುದು ತಡವಾಗಿಯೇ. ನಾಳವೊಂದು ಹರಿದ ಕ್ಷಣದಲ್ಲಿ ಯಂತ್ರ ಕೂಗಿಕೊಳ್ಳುತ್ತದೆ ಎಂದು ಭಾವಿಸಬಾರದು.

ಜೊತೆಗೆ ಕಣ್ಣಿನ ಅಂಚಿನಲ್ಲಿ ಎಲೆಕ್ಟ್ರೋಡ್ ಇಟ್ಟು ಅಕ್ಷಿಪಟದ ಉತ್ತರವನ್ನೂ ದಾಖಲಿಸುತ್ತಾರೆ. ಇದು ಇಆರ್‌ಜಿ. ಇದನ್ನು ಬಿಟ್ಟು ವಿಇಪಿ ಮಾಡಿದರೆ ಅದರ ಮೇಲೆ ಭರವಸೆ ಇಡಲು ಬರುವುದಿಲ್ಲ. ಹಿಂತಲೆಯ ಅಲೆ ಕುಗ್ಗಿ ಇಆರ್‌ಜಿ ಮೊದಲಿನಂತೆಯೇ ಇದ್ದರೆ ತೊಂದರೆ ನರದಲ್ಲೋ ಅದರಾಚೆಗೋ ಇದೆ. ಎರಡೂ ಕುಗ್ಗಿದ್ದರೆ ಮೊದಲು ನೋಡಬೇಕಾದದ್ದು ದೀಪ ಜರುಗಿದೆಯೇ ಎಂದು.

ಅರಿವಳಿಕೆಯ ಪಾತ್ರ

ಈ ಪರೀಕ್ಷೆ ದೀರ್ಘಕಾಲ ಹೆಸರು ಕೆಡಿಸಿಕೊಂಡದ್ದಕ್ಕೆ ದೊಡ್ಡ ಕಾರಣ ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳು. ಐಸೊಫ್ಲುರೇನ್, ಸೆವೊಫ್ಲುರೇನ್‌ನಂಥವು ಮಿದುಳಿನ ಹೊರಪದರದ ಚಟುವಟಿಕೆಯನ್ನೇ ತಗ್ಗಿಸುತ್ತವೆ. ಅನಿಲದ ಪ್ರಮಾಣ ತುಸು ಹೆಚ್ಚಿದರೂ ಅಲೆ ಮಾಯವಾಗುತ್ತದೆ. ಆಗ ನರಕ್ಕೆ ಪೆಟ್ಟಾಯಿತೋ ಅನಿಲ ಹೆಚ್ಚಾಯಿತೋ ಹೇಳಲು ಬರುವುದಿಲ್ಲ. ರಕ್ತನಾಳದ ಮೂಲಕ ಕೊಡುವ ಪ್ರೊಪೊಫಾಲ್ 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಗತೊಡಗಿತು. ಪ್ರೊಪೊಫಾಲ್ ಜೊತೆಗೆ ಫೆಂಟನಿಲ್ ಗುಂಪಿನ ನೋವುನಿವಾರಕ ಕೊಟ್ಟು, ಅನಿಲವನ್ನು ಪೂರ್ತಿ ಬಿಟ್ಟರೆ ಅಲೆ ಗಟ್ಟಿಯಾಗಿ ನಿಲ್ಲುತ್ತದೆ. ಪ್ರೊಪೊಫಾಲ್ ಕೂಡ ಅತಿಯಾದರೆ ಅಲೆಯನ್ನು ಕುಗ್ಗಿಸುತ್ತದೆ, ಆದ್ದರಿಂದ ಅರಿವಳಿಕೆಯ ಆಳವನ್ನು ಒಂದೇ ಸಮನಾಗಿ ಇಡಬೇಕು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟರೆ ಈ ಪರೀಕ್ಷೆಗೆ ಅಡ್ಡಿಯಿಲ್ಲ. ಕೈಕಾಲಿನ ಚಲನೆಯ ನಿಗಾಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅದು. ರಕ್ತದೊತ್ತಡ, ದೇಹದ ಉಷ್ಣತೆ ಇಳಿದರೂ ಅಲೆ ಬದಲಾಗುತ್ತದೆ.

ದೃಷ್ಟಿಯ ನಿಗಾದ ಸೋಲು ಗೆಲುವು ಯಂತ್ರ ಕೊಂಡವರಿಗಿಂತ ಹೆಚ್ಚಾಗಿ ಅರಿವಳಿಕೆ ತಜ್ಞರ ಕೈಯಲ್ಲಿದೆ. ನರಶಸ್ತ್ರಚಿಕಿತ್ಸೆಗೆಂದೇ ತರಬೇತಾದ ಅರಿವಳಿಕೆ ವಿಭಾಗವಿರುವ ಸಂಸ್ಥೆಗಳಲ್ಲಿ ಇದು ನೆಲೆಯೂರಿದ್ದು ಆಶ್ಚರ್ಯವಲ್ಲ.

ನಡೆದು ಬಂದ ದಾರಿ

ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯರ ಇಇಜಿಯನ್ನು, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು, ಪ್ರಕಟಿಸಿದರು. ಕಣ್ಣಿಗೆ ಬೆಳಕು ಮಿನುಗಿಸಿದರೆ ಅದರ ಲಯಕ್ಕೆ ಮಿದುಳಿನ ಅಲೆಯೂ ಹೊಂದಿಕೊಳ್ಳುತ್ತದೆ ಎಂದು 1934ರಲ್ಲಿ ಕೇಂಬ್ರಿಜ್‌ನ ಆಡ್ರಿಯನ್ ಮತ್ತು ಮ್ಯಾಥ್ಯೂಸ್ ತೋರಿಸಿದರು. ಸರಾಸರಿ ತೆಗೆಯುವ ಯಂತ್ರವನ್ನು 1950ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಡಾಸನ್ ರೂಪಿಸಿದರು. 1972ರಲ್ಲಿ ಹ್ಯಾಲಿಡೆ ಮತ್ತು ಸಂಗಡಿಗರು ದೃಷ್ಟಿನರದ ಉರಿಯೂತದಲ್ಲಿ ಪಿ100 ತಡವಾಗಿ ಬರುವುದನ್ನು ತೋರಿಸಿದ ಬಳಿಕ ವಿಇಪಿ ಆಸ್ಪತ್ರೆಯ ಪರೀಕ್ಷೆಯಾಯಿತು. ಮರುವರ್ಷವೇ, 1973ರಲ್ಲಿ, ರೈಟ್, ಆರ್ಡನ್ ಮತ್ತು ಜೋನ್ಸ್ ಕಣ್ಣಿನ ಗೂಡಿನ ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಅದನ್ನು ದಾಖಲಿಸಿದರು. ಶಸ್ತ್ರಚಿಕಿತ್ಸಾ ಕೊಠಡಿಗೆ ಇದು ಬಂದದ್ದು ಹಾಗೆ.

ಆಮೇಲಿನ ಇಪ್ಪತ್ತು ವರ್ಷ ನಿರಾಸೆಯ ಕಾಲ. ಅಲೆ ಕಾರಣವಿಲ್ಲದೆ ಏರಿಳಿಯುತ್ತಿತ್ತು. ಅಲೆ ಸತ್ತೇಹೋದ ರೋಗಿಗೆ ಎದ್ದ ಮೇಲೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು, ಅಲೆ ಸರಿಯಿದ್ದವರಿಗೆ ಕಾಣದೆ ಹೋಗುತ್ತಿತ್ತು. ಜರ್ಮನಿಯ ಸೆಡ್ಜಿಕ್, ಶ್ರಾಮ್ ಮೊದಲಾದವರು ಇದು ನಂಬತಕ್ಕದ್ದಲ್ಲ ಎಂಬ ತೀರ್ಮಾನಕ್ಕೆ ಬಂದರು. ಅಂದಿನ ದೀಪ, ಅಂದಿನ ಅರಿವಳಿಕೆಯಲ್ಲಿ ಅವರು ಹೇಳಿದ್ದು ಸರಿಯೇ. ಪ್ರಬಲವಾದ ಎಲ್‌ಇಡಿ, ಪ್ರೊಪೊಫಾಲ್, ಇಆರ್‌ಜಿ ಈ ಮೂರೂ ಕೂಡಿದ ಮೇಲೆ ಚಿತ್ರ ಬದಲಾಯಿತು. ಜಪಾನಿನ ಸಸಾಕಿ ಮತ್ತು ಸಂಗಡಿಗರು 2010ರಲ್ಲಿ 100 ರೋಗಿಗಳ ಅನುಭವವನ್ನು ಪ್ರಕಟಿಸಿದರು. 200 ಕಣ್ಣುಗಳಲ್ಲಿ 187ರಲ್ಲಿ ಸ್ಥಿರವಾದ ಅಲೆ ಸಿಕ್ಕಿತ್ತು. ಸಿಗದವುಗಳಲ್ಲಿ ಬಹುಪಾಲು ಕಣ್ಣುಗಳ ದೃಷ್ಟಿ ಶಸ್ತ್ರಚಿಕಿತ್ಸೆಗೆ ಮೊದಲೇ ತೀರ ಕುಂದಿತ್ತು.

ಈ ಕೊನೆಯ ಮಾತಿನ ಮೇಲೆ ಇನ್ನಷ್ಟು ಗಮನ ಬೇಕು. ಉಳಿದಿರುವ ದೃಷ್ಟಿಯನ್ನಷ್ಟೇ ಈ ಪರೀಕ್ಷೆ ಕಾಯಬಲ್ಲದು. ಕೈ ಆಡಿಸಿದ್ದು ಮಾತ್ರ ಕಾಣುವ ಹಂತಕ್ಕೆ ಬಂದ ಕಣ್ಣಿನಲ್ಲಿ ಅಲೆಯೇ ಏಳುವುದಿಲ್ಲ. ನಿಗಾ ಅತ್ಯಂತ ಅಗತ್ಯವಿದ್ದ ರೋಗಿಗೇ ಅದು ದಕ್ಕದೆ ಹೋಗುತ್ತದೆ.

ಅಲೆ ಕುಗ್ಗಿದಾಗ

ಆರಂಭದಲ್ಲಿ ದಾಖಲಿಸಿದ್ದಕ್ಕಿಂತ ಅಲೆಯ ಎತ್ತರ ಅರ್ಧಕ್ಕಿಂತ ಕೆಳಗಿಳಿದು, ಮತ್ತೊಮ್ಮೆ ಮಾಡಿದಾಗಲೂ ಹಾಗೆಯೇ ಇದ್ದರೆ ಶಸ್ತ್ರಚಿಕಿತ್ಸಕರಿಗೆ ತಿಳಿಸುವುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಅವರು ಕೈ ನಿಲ್ಲಿಸುತ್ತಾರೆ. ಮಿದುಳನ್ನು ಹಿಂದಕ್ಕೆ ಹಿಡಿದ ಉಪಕರಣವನ್ನು ಸಡಿಲಿಸುತ್ತಾರೆ, ನಾಳಕ್ಕೆ ಹಾಕಿದ ಕ್ಲಿಪ್ಪನ್ನು ತೆಗೆದು ಬೇರೆ ಕೋನದಲ್ಲಿ ಹಾಕುತ್ತಾರೆ, ಡ್ರಿಲ್ ನಿಲ್ಲಿಸಿ ನೀರು ಹರಿಸುತ್ತಾರೆ. ಅರಿವಳಿಕೆ ತಜ್ಞರು ರಕ್ತದೊತ್ತಡ ನೋಡುತ್ತಾರೆ. ಅಲೆ ಮರಳಿದರೆ ಕೆಲಸ ಮುಂದುವರಿಯುತ್ತದೆ. ಮರಳದಿದ್ದರೆ ನರಕ್ಕೆ ಅಂಟಿಕೊಂಡ ಗಡ್ಡೆಯ ಚೂರನ್ನು ಅಲ್ಲೇ ಬಿಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಯಂತ್ರದಲ್ಲಿಲ್ಲ. ಗಡ್ಡೆಯ ಬಗೆ, ರೋಗಿಯ ವಯಸ್ಸು, ಇನ್ನೊಂದು ಕಣ್ಣಿನ ಸ್ಥಿತಿ, ಉಳಿದ ಚೂರಿಗೆ ವಿಕಿರಣ ಚಿಕಿತ್ಸೆ ಸಾಕೇ, ಎಲ್ಲವನ್ನೂ ತೂಗಬೇಕಾಗುತ್ತದೆ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿ ಮತ್ತು ಮನೆಯವರೊಂದಿಗೆ ಆಡಿ ಮುಗಿಸಿರಬೇಕು.

ಒತ್ತಡ ತೆಗೆದ ಕೂಡಲೇ ಅಲೆ ಮೊದಲಿಗಿಂತ ದೊಡ್ಡದಾಗುವುದೂ ಉಂಟು.

ಈ ವಿಧಾನದ ದೊಡ್ಡ ಕೊರತೆ ಇದು: ರೆಪ್ಪೆಯ ಮೇಲಿನ ಮಿಂಚು ಇಡೀ ಅಕ್ಷಿಪಟವನ್ನು ಒಟ್ಟಿಗೆ ಬೆಳಗುತ್ತದೆ. ನೋಟದ ಒಂದು ಕಾಲುಭಾಗ ಹೋದರೂ ಉಳಿದ ಮುಕ್ಕಾಲು ಭಾಗ ಅಲೆಯನ್ನು ಎತ್ತಿಹಿಡಿಯುತ್ತದೆ. ಹಾಗಾಗಿ ದೃಷ್ಟಿಯ ತೀಕ್ಷ್ಣತೆಯ ದೊಡ್ಡ ನಷ್ಟವನ್ನು ಹಿಡಿದಷ್ಟು ಚೆನ್ನಾಗಿ ದೃಷ್ಟಿಕ್ಷೇತ್ರದ ಸಣ್ಣ ನಷ್ಟವನ್ನು ಅದು ಹಿಡಿಯಲಾರದು.

ಎಚ್ಚರವಿರುವ ರೋಗಿ

ಬೀಸಣಿಗೆಯಾಕಾರದ ತಂತುಗಳ ಬಳಿ ಗಡ್ಡೆ ಇದ್ದಾಗ ಆ ಕೊರತೆಯನ್ನು ರೋಗಿಯೇ ತುಂಬುತ್ತಾರೆ. ತಲೆಬುರುಡೆ ತೆರೆಯುವಾಗ ಚರ್ಮವನ್ನು ಮರಗಟ್ಟಿಸಿರುತ್ತಾರೆ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಶಸ್ತ್ರಚಿಕಿತ್ಸಕರು ಸಣ್ಣ ವಿದ್ಯುತ್ ಕಡ್ಡಿಯಿಂದ ಒಂದೊಂದು ಜಾಗ ಮುಟ್ಟಿದಾಗ ರೋಗಿ ಬದಿಯಲ್ಲಿ ಮಿಂಚು ಕಂಡಿತೆಂದೋ, ಒಂದು ಕಡೆ ಮಸುಕಾಯಿತೆಂದೋ ಹೇಳುತ್ತಾರೆ. ಫ್ರಾನ್ಸಿನ ಮಾಂಪೆಲಿಯೇ ನಗರದ ಯೂಗ್ ದ್ಯುಫೋ ಮತ್ತು ಸಂಗಡಿಗರು ಇದಕ್ಕೊಂದು ಸರಳ ಕ್ರಮ ಕೊಟ್ಟಿದ್ದಾರೆ. ಪರದೆಯ ನಡುವೆ ಕಣ್ಣು ನೆಟ್ಟು, ಎದುರುಬದುರು ಮೂಲೆಗಳಲ್ಲಿರುವ ಎರಡು ಚಿತ್ರಗಳನ್ನು ಹೆಸರಿಸಬೇಕು. ಒಂದನ್ನು ಹೇಳದೆ ಬಿಟ್ಟರೆ ಆ ಮೂಲೆಯ ತಂತು ಸಿಕ್ಕಿತೆಂದು ಅರ್ಥ. ಮೇಲಿನ ಕಾಲುಭಾಗ ಹೋದರೆ ಜನ ಹೊಂದಿಕೊಂಡು ಬದುಕುತ್ತಾರೆ. ಅರ್ಧ ನೋಟವೇ ಹೋದರೆ ಓದು, ವಾಹನ ಚಾಲನೆ, ರಸ್ತೆ ದಾಟುವುದು ಎಲ್ಲಕ್ಕೂ ಕುತ್ತು. ಗಡ್ಡೆ ತೆಗೆಯುವುದನ್ನು ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ ಇದರ ಮೇಲೆ ನಿಂತಿದೆ. ಎಚ್ಚರದಲ್ಲಿ ಶಸ್ತ್ರಚಿಕಿತ್ಸೆ ಎಂದರೆ ಜನರಿಗೆ ನೆನಪಾಗುವುದು 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸಂಗೀತಗಾರರೊಬ್ಬರು ಬೆರಳಿನ ತೊಂದರೆಯ ಚಿಕಿತ್ಸೆಯ ನಡುವೆ ಗಿಟಾರ್ ನುಡಿಸಿದ ಸುದ್ದಿ. ಅಲ್ಲಿ ಬೆರಳಿನ ಚಲನೆಯನ್ನು ನೋಡಿದರು, ಇಲ್ಲಿ ನೋಟವನ್ನು ನೋಡುತ್ತಾರೆ.

ಸೇಲಂ, ಧರ್ಮಪುರಿಯ ಕನ್ನಡಿಗರ ವಿಷಯದಲ್ಲಿ ಇದಕ್ಕೊಂದು ವಿಶೇಷ ಮುಖವಿದೆ. ಮನೆಯಲ್ಲಿ ಕನ್ನಡ, ಶಾಲೆ ಮತ್ತು ಪೇಟೆಯಲ್ಲಿ ತಮಿಳು ಅವರ ರೂಢಿ. ಮನೆಯ ಕನ್ನಡವೂ ಮೈಸೂರು, ಧಾರವಾಡದ ಪುಸ್ತಕದ ಕನ್ನಡವಲ್ಲ. ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಯಲ್ಲಿ ಉತ್ತರ ತಮಿಳಿನಲ್ಲಿ ಬಂದರೆ, ಅಥವಾ ಪರೀಕ್ಷಕರಿಗೆ ಗೊತ್ತಿಲ್ಲದ ಪದದಲ್ಲಿ ಬಂದರೆ, ಅದನ್ನು ತಪ್ಪೆಂದು ಎಣಿಸಬಾರದು. ಹಿಂದಿನ ದಿನವೇ ಚಿತ್ರಗಳನ್ನು ತೋರಿಸಿ, ರೋಗಿ ಯಾವುದಕ್ಕೆ ಏನನ್ನುತ್ತಾರೆ ಎಂದು ಬರೆದಿಟ್ಟುಕೊಂಡರೆ ಗೊಂದಲವಿರುವುದಿಲ್ಲ.

ಸೇಲಂ–ಧರ್ಮಪುರಿ ಮತ್ತು ಚಿಕಿತ್ಸೆಯ ದಾರಿ

ಧರ್ಮಪುರಿ 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರೆಯಾಗಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಅದರಿಂದ ಬೇರೆಯಾಯಿತು. ತಗಡೂರು ಎಂಬ ಹಳೆಯ ಹೆಸರಿನಲ್ಲಿ ಧರ್ಮಪುರಿ ನೊಳಂಬ ಅರಸರ ಆಳ್ವಿಕೆಯಲ್ಲಿತ್ತು, ಆ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ದಕ್ಷಿಣ ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಬೆಳೆದ ಮೂರು ಕೇಂದ್ರಗಳಿಗೂ ಈ ಸೀಮೆಯಿಂದ ದಾರಿಗಳಿವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೇಕಬ್ ಚಾಂಡಿ 1949ರಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಬಿ. ರಾಮಮೂರ್ತಿ 1950ರಲ್ಲಿ ಕೆಲಸ ಆರಂಭಿಸಿದರು. ಬೆಂಗಳೂರಿನಲ್ಲಿ ಆರ್. ಮಾರ್ತಾಂಡ ವರ್ಮ ಈ ವಿಭಾಗವನ್ನು ಕಟ್ಟಿದರು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಕೂಡಿ ನಿಮ್ಹಾನ್ಸ್ ಆದಾಗ ಅವರೇ ಅದರ ಮೊದಲ ನಿರ್ದೇಶಕರು.

ಧರ್ಮಪುರಿಯಿಂದ ಬೆಂಗಳೂರು ಸುಮಾರು 130 ಕಿಲೊಮೀಟರ್, ಸೇಲಂನಿಂದ ಸುಮಾರು 200. ಓಮಲೂರು, ಧರ್ಮಪುರಿ, ಹೊಸೂರಿನ ಮೇಲೆ ಹಾದುಬರುವ ರೈಲೂ ಇದೆ. ಎಲ್ಲದಕ್ಕೂ ಅಷ್ಟು ದೂರ ಹೋಗಬೇಕೆಂದಿಲ್ಲ. ಸೇಲಂನಲ್ಲಿ 1986ರಲ್ಲಿ ಆರಂಭವಾದ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಕೇಂದ್ರದ ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯ ಮೊದಲ ಹಂತದಲ್ಲೇ ಮೇಲ್ದರ್ಜೆಗೇರಿತು. ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2008ರದ್ದು. ಅರವಿಂದ್ ಕಣ್ಣಿನ ಆಸ್ಪತ್ರೆಯ ಶಾಖೆ ಸೇಲಂನಲ್ಲಿದೆ. ತಮಿಳುನಾಡು ಸರ್ಕಾರದ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗಳ ವೆಚ್ಚ ಹೊರುತ್ತದೆ.

ಈ ಜಿಲ್ಲೆಗಳ ಮಟ್ಟದಲ್ಲಿ ದೃಷ್ಟಿಯನ್ನು ಉಳಿಸುವ ದೊಡ್ಡ ಕೆಲಸ ನಡೆಯಬೇಕಾದದ್ದು ಶಸ್ತ್ರಚಿಕಿತ್ಸೆಗೆ ಬಹಳ ಮೊದಲು, ಕಣ್ಣಿನ ವೈದ್ಯರ ಕೊಠಡಿಯಲ್ಲಿ. ಪೊರೆ ತೆಗೆಸಿಕೊಂಡ ಮೇಲೂ, ಕನ್ನಡಕ ಎರಡು ಸಲ ಬದಲಿಸಿದ ಮೇಲೂ ನೋಟ ಸುಧಾರಿಸದಿದ್ದರೆ, ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿದ್ದರೆ, ಬದಿಯಿಂದ ಬಂದ ಸೈಕಲ್ ಕಾಣದೆ ಹೋಗಿದ್ದರೆ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಲೇಬೇಕು. ಯಂತ್ರವಿಲ್ಲದ ಕಡೆಯೂ ವೈದ್ಯರು ಎದುರು ಕೂತು, ಒಂದೊಂದು ಕಣ್ಣು ಮುಚ್ಚಿಸಿ, ಬದಿಯಿಂದ ಬೆರಳು ತಂದು ನೋಡಬಹುದು. ಅದಕ್ಕೆ ಖರ್ಚೇನೂ ಇಲ್ಲ. ಹೊರಬದಿಯ ನೋಟ ಎರಡೂ ಕಡೆ ಹೋಗಿದೆಯೆಂದರೆ ಎಮ್‌ಆರ್‌ಐಗೆ ಬರೆಯಬೇಕು. ಜೋರಾದ ತಲೆನೋವಿನೊಂದಿಗೆ ಒಮ್ಮೆಲೇ ದೃಷ್ಟಿ ಕುಂದಿದರೆ ಪಿಟ್ಯುಟರಿಯೊಳಗೆ ರಕ್ತಸ್ರಾವವಾಗಿರಬಹುದು, ಅದು ತುರ್ತಿನ ಸಂಗತಿ. ಕ್ಷಯದ ಮೆನಿಂಜೈಟಿಸ್ ಕೂಡ ಕಯಾಸ್ಮವನ್ನು ಹಿಡಿಯುತ್ತದೆ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಮಾತ್ರೆಯಿಂದಲೂ ದೃಷ್ಟಿನರ ಸೊರಗಬಹುದು. ಆದ್ದರಿಂದ ಕಣ್ಣು ಮಸುಕಾದ ಪ್ರತಿಯೊಬ್ಬರಿಗೂ ಗಡ್ಡೆಯೇ ಇರುತ್ತದೆಂದು ಹೆದರಬೇಕಿಲ್ಲ.

ಬೆಂಗಳೂರಿಗೋ ವೆಲ್ಲೂರಿಗೋ ಹೊರಡುವವರು ಹಳೆಯ ದೃಷ್ಟಿಕ್ಷೇತ್ರದ ನಕ್ಷೆ, ಕನ್ನಡಕದ ಚೀಟಿ, ಮಾಡಿಸಿದ್ದರೆ ವಿಇಪಿ ವರದಿ, ಎಲ್ಲವನ್ನೂ ಒಯ್ಯುವುದು ಒಳ್ಳೆಯದು. ಆರಂಭದ ಸ್ಥಿತಿ ಗೊತ್ತಿದ್ದರೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಂದ ಸಣ್ಣ ಅಲೆಯನ್ನು ಹಳೆಯ ನಷ್ಟವೆಂದು ಗುರುತಿಸಬಹುದು. ಶಸ್ತ್ರಚಿಕಿತ್ಸೆಯ ಬಳಿಕ ದೃಷ್ಟಿ ಮರಳುವುದು ದಿನಗಳಿಂದ ತಿಂಗಳುಗಳವರೆಗೆ ನಡೆಯುತ್ತದೆ, ಮತ್ತೆ ಮತ್ತೆ ಪರೀಕ್ಷೆ ಬೇಕಾಗುತ್ತದೆ. ಪ್ರತಿ ಸಲವೂ ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಬರಬೇಕಿಲ್ಲ. ಆ ಪರೀಕ್ಷೆಗಳನ್ನು ಸೇಲಂನಲ್ಲೇ ಮಾಡಿಸಿ ವರದಿ ಕಳಿಸಬಹುದು. ಮೊದಲ ಪರೀಕ್ಷೆ ಆದ ಮಾದರಿಯ ಯಂತ್ರದಲ್ಲೇ, ಅದೇ ಕ್ರಮದಲ್ಲಿ ಮಾಡಿಸಿದರೆ ಹಳೆಯ ನಕ್ಷೆಯ ಪಕ್ಕದಲ್ಲಿಟ್ಟು ಹೋಲಿಸಲು ಬರುತ್ತದೆ.